ಕೊಬ್ಬರಿ ಕಚ್ಚದ ಡಾಕ್ಟರಮ್ಮ

ನಮ್ಮ ಹಲ್ಲಿನ ಡಾಕ್ಟರಮ್ಮನ ಮುಂದಿನ ಹಲ್ಲುಗಳು ಎಷ್ಟು ಬೆಳ್ಳಗಿದ್ದವೆಂದರೆ, ಅವರು ಮಾಸ್ಕ್ ಕೆಳಗೆಳೆದ ಕೂಡಲೇ ಕುರ್ಚಿಯಲ್ಲಿ ಕೂತವರು ನರಳುವುದನ್ನು ಬಿಟ್ಟು ಅವನ್ನೇ ನೋಡುತ್ತಿದ್ದರು. ಕಡೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಮಹಡಿಯ ಮೇಲೆ ಅವರ ಕ್ಲಿನಿಕ್ಕು. ಸಂಕ್ರಾಂತಿಗೆ ಎಳ್ಳುಬೆಲ್ಲ ಕೊಟ್ಟರೆ ಅದರೊಳಗಿನ ಕೊಬ್ಬರಿ ಚೂರುಗಳನ್ನೆಲ್ಲ ಆರಿಸಿ ನರ್ಸಮ್ಮನ ಅಂಗೈಗೆ ಹಾಕಿಬಿಡುತ್ತಿದ್ದರು. ತೆಂಗಿನ ಸೀಮೆಯಲ್ಲಿದ್ದುಕೊಂಡು ಕೊಬ್ಬರಿ ಮುಟ್ಟದವರನ್ನು ನಾನು ನೋಡಿದ್ದು ಇವರೊಬ್ಬರನ್ನೇ. ಏನೋ ಹರಕೆಯಿರಬೇಕು ಎಂದುಕೊಂಡಿದ್ದೆ.

ನನ್ನವು ಬೋರ್‌ವೆಲ್ ನೀರಿನ ಹಲ್ಲುಗಳು. ಫ್ಲೋರೈಡ್ ಹೆಚ್ಚಿದ್ದ ಆ ನೀರು ಕುಡಿದು ಬೆಳೆದ ಊರಿನ ಎಷ್ಟೋ ಮಕ್ಕಳಂತೆ ನನಗೂ ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟೆ, ಸುತ್ತ ಸುಣ್ಣ ಸಿಡಿದಂಥ ಮಚ್ಚೆ. ನಗು ಬಂದರೆ ಕೈ ತಾನಾಗಿ ಬಾಯಿಗೆ ಹೋಗುತ್ತಿತ್ತು. ತರೀಕೆರೆಯವರು ಹೆಣ್ಣು ನೋಡಲು ಬಂದಾಗ ತುಟಿ ಬಿಗಿದುಕೊಂಡೇ ಕೂತಿದ್ದೆ. ಹುಡುಗ ನನಗೆ ಬಹಳ ಹಿಡಿಸಿದ್ದ. ವಾರದೊಳಗೆ ಅವರ ಕಡೆಯಿಂದ ಫೋನ್ ಬಂತು: "ನಿಮ್ಮ ಹುಡುಗಿಗೆ ಇಷ್ಟ ಇದ್ದಂಗಿಲ್ಲ. ಬಲವಂತ ಮಾಡ್ಬೇಡಿ." ನನಗೆ ನನ್ನ ಬಾಯಿಯ ಮೇಲೇ ಸಿಟ್ಟು ಬಂತು.

ಅಮ್ಮನೂ ದೊಡ್ಡಮ್ಮನೂ ನನ್ನನ್ನು ಕ್ಲಿನಿಕ್ಕಿಗೆ ಎಳೆದುಕೊಂಡು ಹೋದರು. ಡಾಕ್ಟರಮ್ಮ ಮಾದರಿ ಹಲ್ಲುಗಳ ಸಾಲೊಂದನ್ನು ಹಿಡಿದು ನಮ್ಮನ್ನು ಬಾಲ್ಕನಿಗೆ ಕರೆದರು. ದೀಪದ ಕೆಳಗೆ ಬಣ್ಣ ಆರಿಸಲು ಅವರು ಯಾರಿಗೂ ಬಿಡುತ್ತಿರಲಿಲ್ಲ. ರೇಷ್ಮೆ ಸೀರೆಯನ್ನು ಅಂಗಡಿ ಬಾಗಿಲಿಗೆ ತಂದು ನೋಡುವ ದೊಡ್ಡಮ್ಮನಿಗೆ ಇದು ಮೆಚ್ಚುಗೆಯಾಯಿತು. ಸಾಲಿನ ತುದಿಯ ಹಲ್ಲನ್ನೇ ಹಿಡಿದಳು.

"ಇದೇ ಇರ್ಲಿ. ಎಲ್ಲದಕ್ಕಿಂತ ಬೆಳ್ಳಗೈತೆ."

"ಅದು ವಾಶ್‌ಬೇಸಿನ್ ಬಣ್ಣ ಕಣ್ರೀ. ಮನುಷ್ಯರ ಬಾಯಲ್ಲಿ ಇರಲ್ಲ."

"ನಿಮ್ಮ ಬಾಯಲ್ಲಿ ಐತಲ್ಲ?"

ಡಾಕ್ಟರಮ್ಮ ಚಿಕಿತ್ಸೆಯ ಮಾತಿಗೆ ಬಂದರು. ಬರೀ ಬ್ಲೀಚ್ ಮಾಡಿದರೆ ಕಂದು ತಿಳಿಯಾದರೂ ಬಿಳಿ ಮಚ್ಚೆ ಇನ್ನಷ್ಟು ಎದ್ದು ಕಾಣಬಹುದು. ಔಷಧಿ ಹಚ್ಚಿ ಮೇಲ್ಪದರವನ್ನು ನವಿರಾಗಿ ಉಜ್ಜಿದರೆ ಪಟ್ಟೆ ಮಾಸುತ್ತದೆ. ಉಳಿದ ಕಲೆಗೆ ಹಲ್ಲಿನದೇ ಬಣ್ಣದ ಲೇಪ ಹಾಕಬಹುದು. ಇನ್ನೊಂದು ವೆನೀರ್, ಹಲ್ಲನ್ನೇ ಸ್ವಲ್ಪ ತರಿದು ಮೇಲೆ ಪಿಂಗಾಣಿಯ ಚಿಪ್ಪು ಅಂಟಿಸುವುದು.

"ಅದು ಗಾರೆ ಕೆತ್ತಿ ಟೈಲ್ಸ್ ಹಾಕ್ದಂಗೆ. ಆಮೇಲೆ ಹಳೇ ಗೋಡೆ ಬೇಕು ಅಂದ್ರೆ ಬರಲ್ಲ," ಎಂದರು.

"ನಂಗೆ ಚಿಪ್ಪೇ ಹಾಕಿ. ನಿಮ್ಮ ಹಲ್ಲಿನಂಗೇ ಆಗ್ಬೇಕು," ಎಂದೆ.

ಅವರು ತಮ್ಮ ಮೇಲ್ತುಟಿಯನ್ನು ಬೆರಳಿನಿಂದ ಎತ್ತಿ ತೋರಿಸಿದರು. ಒಸಡಿನಂಚಿನಲ್ಲಿ ಬಿಳುಪು ಮುಗಿದು, ಸಣ್ಣದೊಂದು ಕಂದು ಗೆರೆ ಇತ್ತು.

"ನಾನೂ ಅದೇ ನೀರು ಕುಡ್ದವಳು ಕಣೇ, ಅಜ್ಜಂಪುರದ ಹತ್ರದೋಳು. ಓದೋವಾಗ ಆಸೆಬಿದ್ದು ಚಿಪ್ಪು ಹಾಕಿಸ್ಕೊಂಡೆ. ಹಾಳಾದಾಗೆಲ್ಲ ಬದಲಾಯಿಸ್ತಾ ಇರ್ಬೇಕು. ಕೊಬ್ಬರಿ ಅಂದ್ರೆ ನಂಗೆ ಪ್ರಾಣ. ಒಂದ್ಸಲ ಕಚ್ದಾಗ ಚಿಪ್ಪು ಎದ್ದು ತಟ್ಟೆಗೆ ಬಿತ್ತು, ನೆಂಟರೆಲ್ಲ ಕೂತಿದ್ರು. ಅವತ್ತಿಂದ ಮುಟ್ಟಿಲ್ಲ. ನಿಂಗೆ ಬೇಕೇ ಬೇಕು ಅಂದ್ರೆ ಹಾಕ್ಕೊಡ್ತೀನಿ. ಯೋಚ್ನೆ ಮಾಡ್ಕೊಂಡು ಬಾ."

ದೊಡ್ಡಮ್ಮ ಕೈಲಿದ್ದ ಮಾದರಿಯನ್ನು ಮೆಲ್ಲನೆ ಕೆಳಗಿಟ್ಟಳು. ಮುಂದಿನ ವಾರ ಹೋಗಿ, ಉಜ್ಜಿ ಲೇಪ ಹಾಕಿದರೆ ಸಾಕು ಎಂದೆ.

ಪಟ್ಟೆ ಹೋಯಿತು, ತೆಳು ನೆರಳೊಂದು ಉಳಿಯಿತು. ಆದರೆ ಹಾಳು ಕೈ ಮಾತ್ರ ಮೊದಲಿನಂತೆಯೇ ಬಾಯಿಗೆ ಏರುತ್ತಿತ್ತು. "ಹಲ್ಲಿನ ಕೆಲ್ಸ ಮುಗೀತು. ಕೈಗೆ ನನ್ನತ್ರ ಔಷಧಿ ಇಲ್ಲ," ಎಂದು ಗದರಿದ ಡಾಕ್ಟರಮ್ಮ, ಆಮೇಲೆ ನಾನು ಹೋದಾಗಲೆಲ್ಲ ಒಂದು ಕೈಗೆ ಕಾಫಿ ಲೋಟ, ಇನ್ನೊಂದಕ್ಕೆ ನಿಪ್ಪಟ್ಟಿನ ತಟ್ಟೆ ಹಿಡಿಸಿ, ತಮ್ಮ ಕಾಲೇಜಿನ ದಿನಗಳ ಪಜೀತಿಗಳನ್ನೆಲ್ಲ ಹೇಳಿ ನಗಿಸುತ್ತಿದ್ದರು. ಲೋಟ ಕೆಳಗಿಡಲು ಹೋದರೆ ಕಣ್ಣು ಬಿಡುತ್ತಿದ್ದರು.

ಅಜ್ಜಂಪುರದಿಂದ ಹುಡುಗನ ಕಡೆಯವರು ಬಂದ ದಿನ ಕಾಫಿ ತಟ್ಟೆ ನನ್ನ ಕೈಯಲ್ಲಿತ್ತು. ಹುಡುಗನ ತಂದೆ, ಬಸ್ಸಿನಲ್ಲಿ ಅವಸರಕ್ಕೆ ಪಕ್ಕದವರ ಚಪ್ಪಲಿಯೊಂದನ್ನು ಮೆಟ್ಟಿಕೊಂಡು ಇಳಿದುಬಂದದ್ದನ್ನು ಹೇಳುತ್ತ, ಹೊಸಿಲಾಚೆ ಬಿಟ್ಟಿದ್ದ ಜೋಡಿಯನ್ನು ತೋರಿಸಿದರು. ಎರಡೂ ಎಡಗಾಲಿನವು. ನನಗೆ ನಗು ತಡೆಯಲಾಗಲಿಲ್ಲ, ಬಾಯಿ ಮುಚ್ಚಿಕೊಳ್ಳಲು ಕೈಗೆ ಬಿಡುವಿರಲಿಲ್ಲ. "ಹುಡುಗಿ ಒಪ್ಪಿದಂಗೆ ಕಾಣ್ತದೆ," ಎಂದರು ಅವರು. ಈಗ ನನ್ನ ಮಾವ.

ಡಾಕ್ಟರಮ್ಮ ಕಳೆದ ವರ್ಷ ಹೃದಯಾಘಾತವಾಗಿ ತೀರಿಕೊಂಡರು. ಕಡೂರಿಗೆ ಹೋದಾಗ ಕ್ಲಿನಿಕ್ಕಿನ ಕೆಳಗೆ ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟಿದ್ದರು. ಅದರಲ್ಲಿ ಅವರು ಬಾಯ್ತುಂಬ ನಗುತ್ತಿದ್ದರು. "ಎಂಥಾ ಹಲ್ಲು ನೋಡ್ರಿ ಮೇಡಮ್ಮಂದು," ಎಂದರು ಪಕ್ಕದಲ್ಲಿ ನಿಂತಿದ್ದವರೊಬ್ಬರು. ಹೌದು ಎಂದೆ.

ಮನೆಗೆ ಬಂದು ಡಬ್ಬಿಯಿಂದ ಕೊಬ್ಬರಿ ಗಿಟುಕು ತೆಗೆದು, ಮುಂದಿನ ಹಲ್ಲಿನಿಂದಲೇ ಕಚ್ಚಿದೆ. ಅವರು ನನಗೆ ಉಳಿಸಿಕೊಟ್ಟ ಹಲ್ಲು ಅದು. ಅಡುಗೆಮನೆಯಲ್ಲಿ ನಿಂತು, ಅಳುತ್ತಲೇ ಅಷ್ಟನ್ನೂ ತಿಂದೆ.