ಮದುವೆ ಕಾರ್ಡಿನ ಅಕ್ಷರ

ಆಲ್ಕೊಳದಲ್ಲಿ ನನ್ನದು ಕಲ್ಲಿನ ಮೇಲೆ ಹೆಸರು ಕೆತ್ತುವ ಅಂಗಡಿ. ಭದ್ರಾವತಿ ನ್ಯೂ ಟೌನ್‌ನಿಂದ ಬಂದ ಹಿರಿಯರೊಬ್ಬರು ಮಗಳ ಮದುವೆ ಕಾರ್ಡ್ ಮುಂದಿಟ್ಟು, "ಅವಳ ಸಮಾಧಿ ಕಲ್ಲಿಗೂ ಇದೇ ಅಕ್ಷರ ಬೇಕು" ಅಂದರು. ಇಂಗ್ಲಿಷಿನ ಇಟಾಲಿಕ್ ಅಕ್ಷರ. ಬಳುಕಿ ವಾಲಿದ್ದವು, ಒಂದು ಗೆರೆ ದಪ್ಪ, ಪಕ್ಕದ್ದು ಕೂದಲೆಳೆ. ಇಂಥ ಫ್ಯಾಷನ್ನು ನನಗೆ ಮೊದಲೇ ಆಗದು.

"ಸಣ್ಣ ಗೆರೆ ಕಲ್ಲಲ್ಲಿ ನಿಲ್ಲಲ್ಲ ಸಾರ್, ಚಕ್ಕೆ ಏಳುತ್ತೆ. ಬೇರೆ ಹಾಕ್ತೀನಿ."

"ಆ ಮದುವೇಲಿ ಎಲ್ಲಾ ನಾವು ಹೇಳಿದ ಹಾಗೇ ಆಯ್ತು, ಮಾರಾಯ. ಅವಳು ಆರಿಸಿದ್ದು ಈ ಅಕ್ಷರ ಒಂದೇ."

ಅದೇ ಅಕ್ಷರದಲ್ಲಿ, ಸಣ್ಣ ಗೆರೆಗಳನ್ನಷ್ಟೇ ಕೊಂಚ ಅಗಲ ಮಾಡಿ ಕೆತ್ತಿದೆ. ಗೊತ್ತಾಗಲಿಕ್ಕಿಲ್ಲ ಅಂದುಕೊಂಡಿದ್ದೆ.

ಕಲ್ಲು ಒಯ್ಯಲು ಬಂದ ಆ ಹಿರಿಯರು ಹೆಸರಿನ ಮೇಲೆ ಬೆರಳಾಡಿಸಿ, "ಸ್ವಲ್ಪ ದಪ್ಪ ಆಗಿದಾಳೆ" ಅಂದರು. ನಾನು ತಲೆ ತಗ್ಗಿಸಿದೆ.

"ಇರಲಿ ಬಿಡು. ಸರಿಯಾಗಿ ಉಣ್ಣಲ್ಲ ಅಂತ ದಿನಾ ಬೈತಿದ್ದೆ."