ರೀಡ್ ಆಗದ ಸಿಡಿಗಳು

ಹೋದ ವಾರ ಬ್ಯಾಡಗಿಯ ಒಂದು ದಲಾಲಿ ಅಂಗಡಿಯ ಗುಮಾಸ್ತರು ಹಳೆಯ ಕಂಪ್ಯೂಟರೊಂದನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಹಾವೇರಿಯ ನನ್ನ ಅಂಗಡಿಗೆ ಬಂದರು. ಕೋರ್ಟಿನ ಎದುರಿನ ಓಣಿಯಲ್ಲಿ ಟೈಪಿಂಗ್, ಝೆರಾಕ್ಸ್, ಆನ್‌ಲೈನ್ ಅರ್ಜಿ ಅಂತ ನನ್ನದೊಂದು ಸಣ್ಣ ಅಂಗಡಿ ಇದೆ. ಆ ಕಂಪ್ಯೂಟರಿನೊಳಗಿನ ಹಳೆಯ ಕಾಗದಪತ್ರಗಳನ್ನು ಹೇಗಾದರೂ ತೆಗೆದುಕೊಡಬೇಕೆಂದು ಅವರ ಬೇಡಿಕೆ. ನಾನು ಪಕ್ಕದ ಮುಚ್ಚಳ ಬಿಚ್ಚಿ ಗಾಳಿಯ ಯಂತ್ರ ಹಿಡಿದೆ. ಒಳಗಿಂದ ಕೆಂಪು ಧೂಳು ಎದ್ದಿತು. ಮೆಣಸಿನಕಾಯಿಯ ಘಾಟು ಮೂಗಿಗೇರಿ, ಸರತಿಯಲ್ಲಿ ನಿಂತವರೆಲ್ಲ ಕೆಮ್ಮುತ್ತ ಬೀದಿಗೆ ಓಡಿದರು. ನಾನೂ ಕಣ್ಣೊರೆಸಿಕೊಳ್ಳುತ್ತ ಬಾಗಿಲ ಚೌಕಟ್ಟು ಹಿಡಿದು ನಿಂತೆ. ಬ್ಯಾಡಗಿಯ ಕಂಪ್ಯೂಟರಿಗೆ ಗಾಳಿ ಊದಬಾರದು, ಬ್ರಶ್ಶಿನಿಂದ ಮೆಲ್ಲಗೆ ಗುಡಿಸಬೇಕು ಎಂದು ನನಗೆ ಹೇಳಿಕೊಟ್ಟವರೊಬ್ಬರಿದ್ದರು. ಹದಿನೆಂಟು ವರ್ಷಗಳಾಗಿರಬೇಕು...

ಅವರು ಯಾವ ಶಾಲೆಯಲ್ಲೂ ಕಲಿಸಿದವರಲ್ಲ, ಆದರೂ ಎಲ್ಲರೂ ಮಾಸ್ತರ ಎನ್ನುತ್ತಿದ್ದರು. ಬ್ಯಾಡಗಿ ಮಾರುಕಟ್ಟೆಯ ಹತ್ತಿರ, ಮೆಣಸಿನಕಾಯಿ ಗೋದಾಮಿನ ಮಹಡಿಯ ಮೇಲೆ ಅವರ ರಿಪೇರಿ ಅಂಗಡಿ. ಮೊದಲು ಟೇಪ್ ರೆಕಾರ್ಡರ್, ಟಿವಿ ರಿಪೇರಿ ಮಾಡುತ್ತಿದ್ದರಂತೆ. ಐವತ್ತರ ಹತ್ತಿರ ಕಂಪ್ಯೂಟರ್ ಕಲಿತವರು, ಅದೂ ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ಇಂಗ್ಲಿಷ್ ಪುಸ್ತಕ ಓದಿ. ಕುರ್ಚಿ ಎಳೆದುಕೊಂಡು, ಕರವಸ್ತ್ರದಲ್ಲಿ ಕೈ ಒರೆಸಿಕೊಂಡು, ಒಂದು ನಿಮಿಷ ಸುಮ್ಮನೆ ಪರದೆ ನೋಡದೆ ಮೌಸ್ ಮುಟ್ಟುತ್ತಿರಲಿಲ್ಲ. ಅವಸರದವರಿಗೆ ಅವರನ್ನು ಕಂಡರೆ ಮೈ ಉರಿಯುತ್ತಿತ್ತು. ನನಗೂ ಕೂಡ.

ನಾನಾಗ ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಕಂಪ್ಯೂಟರ್ ಆಪರೇಟರ್. ಹಾವೇರಿಯಿಂದ ದಿನಾ ರೈಲಿನಲ್ಲಿ ಹೋಗಿಬರುತ್ತಿದ್ದೆ. ಕಂಪನಿ ಸುತ್ತಲಿನ ಹಳ್ಳಿಗಳ ರೈತರಿಗೆ ಟೊಮ್ಯಾಟೊ, ಮೆಣಸಿನ ಮೂಲ ಬೀಜ ಕೊಟ್ಟು ಹೈಬ್ರಿಡ್ ಬೀಜ ಬೆಳೆಸುತ್ತಿತ್ತು. ಪ್ರತಿ ರೈತನಿಗೆ ಎರಡು ಪೊಟ್ಟಣ, ಒಂದು ಗಂಡು ಸಾಲಿಗೆ, ಒಂದು ಹೆಣ್ಣು ಸಾಲಿಗೆ. ಬೇರೆಯವರು ತಳಿ ಕದಿಯಬಾರದೆಂದು ಪೊಟ್ಟಣದ ಮೇಲೆ ಹೆಸರಿರುತ್ತಿರಲಿಲ್ಲ, ಬರೀ ಅಂಕಿ. ಯಾವ ಅಂಕಿಗೆ ಯಾವ ಅಂಕಿ ಜೋಡಿ ಎಂಬುದು ನನ್ನ ಕಂಪ್ಯೂಟರಿನಲ್ಲಿ ಮಾತ್ರ ಇತ್ತು. ಜೋಡಿ ತಪ್ಪಿದರೆ ಹೆಂಗಸರು ತಿಂಗಳುಗಟ್ಟಲೆ ಒಂದೊಂದೇ ಹೂ ಬಿಡಿಸಿ ಮಾಡುವ ಕ್ರಾಸಿಂಗ್ ಕೆಲಸವೆಲ್ಲ ನೀರುಪಾಲು, ಆ ವರ್ಷದ ಬೆಳೆಯೂ ಇಲ್ಲ.

ಆದ್ದರಿಂದ ಪ್ರತಿ ಶನಿವಾರ ಎಲ್ಲವನ್ನೂ ಒಂದು ಸಿಡಿಗೆ ಇಳಿಸಿ, ತಾರೀಖು ಬರೆದು, ರಿಜಿಸ್ಟರಿನಲ್ಲಿ ಸಹಿ ಮಾಡಬೇಕೆಂದು ಮ್ಯಾನೇಜರರ ಕಟ್ಟಪ್ಪಣೆ. ಇಳಿಸಲು ಹತ್ತಿರ ಹತ್ತಿರ ಒಂದು ತಾಸು. ಅಷ್ಟರಲ್ಲಿ ಮಧ್ಯಾಹ್ನದ ರೈಲು ತಪ್ಪುತ್ತಿತ್ತು. ಒಂದು ಶನಿವಾರ ಅಕ್ಕನ ಸೀಮಂತವಿತ್ತೆಂದು ಖಾಲಿ ಸಿಡಿಯ ಮೇಲೆ ತಾರೀಖು ಬರೆದು ಡಬ್ಬಿಯಲ್ಲಿಟ್ಟು ಹೋದೆ. ಮುಂದಿನ ವಾರ ಮಾಡಿದರಾಯಿತು ಅಂದುಕೊಂಡೆ. ಮುಂದಿನ ವಾರ ಯಾವ ಕಾರಣವೂ ಇರಲಿಲ್ಲ, ಆದರೂ ಹಾಗೇ ಮಾಡಿದೆ. ಹೀಗೆ ಹದಿನಾರು ಶನಿವಾರ... ಹದಿನಾರು ಖಾಲಿ ಸಿಡಿ, ಹದಿನಾರು ಸಹಿ. ಆ ಹಂಗಾಮಿನ ಜೋಡಿಗಳೆಲ್ಲ ಕಂಪ್ಯೂಟರಿಗೆ ಸೇರಿದ್ದು ಆ ವಾರಗಳಲ್ಲೇ.

ಆ ಬುಧವಾರ ಬೆಳಗ್ಗೆ ಕರೆಂಟು ಮೂರು ಸಲ ಹೋಗಿ ಬಂತು. ಮೂರನೆಯ ಸಲ ಕಂಪ್ಯೂಟರ್ ಚಾಲೂ ಆಗಲಿಲ್ಲ. ನೀಲಿ ಪರದೆ ಬರುವುದು, ತಾನೇ ಆರಿ ಮತ್ತೆ ಹೊತ್ತುವುದು. ಶುಕ್ರವಾರ ಬೀಜ ಹಂಚುವ ದಿನ. ದೇವರಗುಡ್ಡದ ಕಡೆಯ ಕೆಲವು ರೈತರು ಆಗಲೇ ಸಸಿ ಮಡಿ ಮಾಡಿ ನೀರು ಬಿಟ್ಟು, ಎರಡು ದಿನ ಮೊದಲೇ ಕೊಡುತ್ತಾರೇನೋ ಎಂದು ಅಂಗಳದಲ್ಲಿ ಬಂದು ಕುಳಿತಿದ್ದರು. ಮ್ಯಾನೇಜರರು ಬ್ಯಾಡಗಿಗೆ ಫೋನು ಮಾಡಿ, ಕಂಪನಿಯ ಕಂಪ್ಯೂಟರ್ ರಿಪೇರಿಗೂ ಖಾಲಿ ಸಿಡಿಗೂ ಕರೆಸುತ್ತಿದ್ದ ಮಾಸ್ತರಿಗೆ ಬರಹೇಳಿದರು. ಅವರು ಬರುವ ತನಕ ತಡೆಯಲಾಗದೆ ಕಂಪ್ಯೂಟರ್ ಮಾರಿದ ಹುಬ್ಬಳ್ಳಿಯವರಿಗೂ ಫೋನು ಹಚ್ಚಿದರು.

ನಾನು ವಿಂಡೋಸ್ ಹಾಕುವ ಸಿಡಿ ಹಚ್ಚಿದೆ. ಹಾರ್ಡ್ ಡಿಸ್ಕೇ ಇಲ್ಲ ಎಂದು ತೋರಿಸಿತು. ಫೋನಿನಲ್ಲಿದ್ದವರು ಒಳಗಿನ ಒಂದು ಸೆಟ್ಟಿಂಗ್ ಬದಲಿಸಲು ಹೇಳಿದರು. ಬದಲಿಸಿದೆ. ಈಗ ಎರಡು ಡಿಸ್ಕು ಕಂಡವು, ಎರಡೂ ಖಾಲಿ ಎಂಬಂತೆ. ಹೊಸದಾಗಿ ಫಾರ್ಮ್ಯಾಟ್ ಮಾಡಿ ಹಾಕಿಬಿಡಿ, ಬ್ಯಾಕಪ್ ಇದೆಯಲ್ಲ ಎಂದರು ಅವರು. ಇದೆ, ಪ್ರತಿ ಶನಿವಾರದ್ದೂ ಇದೆ ಎಂದು ಮ್ಯಾನೇಜರರು ನನ್ನ ರಿಜಿಸ್ಟರನ್ನು ಕೈಯಲ್ಲಿ ಹಿಡಿದುಕೊಂಡೇ ಹೇಳಿದರು. ನನ್ನತ್ತ ತಿರುಗಿ, ಒತ್ತು ಎಂದರು.

ನನ್ನ ಬೆರಳು ಕೀ ಮೇಲಿತ್ತು. ಒತ್ತಿದರೆ ಎಲ್ಲ ಹೋಗುತ್ತದೆಂದು ಆ ಕೋಣೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಬಾಯಿ ತೆರೆದರೆ ಸಾಕಿತ್ತು. ತೆರೆಯಲಿಲ್ಲ. ಎಷ್ಟು ಹೊತ್ತು ಹಾಗಿದ್ದೆನೋ... ಹಿಂದಿನಿಂದ ಮಾಸ್ತರರ ದನಿ ಬಂತು.

"ತಂಗಿ, ಕೈ ತಗಿ. ಏನೂ ಒತ್ತಬ್ಯಾಡ."

ಮ್ಯಾನೇಜರರಿಗೆ ಸಿಟ್ಟು ಬಂತು. ಡಿಸ್ಕು ಕಾಣುತ್ತಿವೆಯಲ್ಲ, ಇನ್ನೇನು ತಕರಾರು ಎಂದರು.

"ಎರಡು ಕಾಣಸಾಕತ್ತಾವ್ರಿ, ಅದಕ್ಕ ಬ್ಯಾಡ ಅಂದೆ. ಇದರಾಗ ಇರೂದು ಒಂದ."

ಅವರು ಕುರ್ಚಿ ಎಳೆದುಕೊಂಡು ತಿಳಿಸಿ ಹೇಳಿದರು. ಆ ಯಂತ್ರದಲ್ಲಿ ಎರಡು ಡಿಸ್ಕು ಸೇರಿಸಿ ಒಂದೇ ಮಾಡಿದ್ದರು. ಒಂದು ಸಾಲು ಈ ಪುಸ್ತಕದಲ್ಲಿ, ಮುಂದಿನ ಸಾಲು ಆ ಪುಸ್ತಕದಲ್ಲಿ ಬರೆದ ಹಾಗೆ. ಎರಡನ್ನೂ ಕೂಡಿಸಿ ಓದುವುದು ಬೋರ್ಡಿನ ಮೇಲಿನ ಒಂದು ಸಣ್ಣ ಚಿಪ್ಪು, ಅದಕ್ಕೆ ಕಂಟ್ರೋಲರ್ ಎನ್ನುತ್ತಾರೆ. ಸೆಟ್ಟಿಂಗ್ ಬದಲಿಸಿದ್ದಕ್ಕೆ ಆ ಕೂಡಿಕೆ ತಪ್ಪಿ ಎರಡೂ ಬೇರೆ ಬೇರೆ, ಖಾಲಿ ಎಂಬಂತೆ ಕಂಡಿದ್ದವು. ನಮ್ಮ ವಿಂಡೋಸ್ ಸಿಡಿ ಆ ಚಿಪ್ಪಿಗಿಂತ ಹಳೆಯದು. ಆ ಚಿಪ್ಪಿನ ಜೊತೆ ಮಾತಾಡಲು ಬೇಕಾದ ಡ್ರೈವರ್ ಎಂಬ ಫೈಲು ಸಿಡಿಯಲ್ಲಿ ಇಲ್ಲ, ಹಾಗಾಗಿ ಡಿಸ್ಕೇ ಇಲ್ಲ ಎನ್ನುತ್ತದೆ. ಡ್ರೈವರನ್ನು ಫ್ಲಾಪಿಯಲ್ಲಿ ಕೊಡಬಹುದಿತ್ತು, ಆದರೆ ಯಂತ್ರಕ್ಕೆ ಫ್ಲಾಪಿ ಹಾಕುವ ಜಾಗವಿಲ್ಲ. ಡ್ರೈವರನ್ನು ಒಳಗೇ ಸೇರಿಸಿದ ಹೊಸ ಸಿಡಿಯನ್ನೇ ತಯಾರಿಸಬೇಕು. ಒಂದು ದಿನವಾದರೂ ಬೇಕು.

ಒಂದು ದಿನ ಯಾಕೆ, ಬ್ಯಾಕಪ್ ಇದೆ, ಎಲ್ಲ ಅಳಿಸಿ ಹಾಕಿರಿ ಎಂದು ಮ್ಯಾನೇಜರರು ಪಟ್ಟು ಹಿಡಿದರು. ಹಾಗಾದರೆ ಮೊದಲು ಆ ಸಿಡಿಗಳನ್ನು ಕೊಡಿ ಎಂದರು ಮಾಸ್ತರ.

ನಾನು ಡಬ್ಬಿ ತಂದು ಕೊಟ್ಟೆ. ಅವರು ಮೇಲಿನ ಸಿಡಿ ತೆಗೆದು ಕಿಟಕಿಯ ಬೆಳಕಿಗೆ ಹಿಡಿದು ಹೊರಳಿಸಿದರು. ಏನಾದರೂ ಬರೆದ ಸಿಡಿಯ ಕೆಳಮೈಯಲ್ಲಿ ಬರೆದಷ್ಟು ಭಾಗ ಬಣ್ಣ ತಿರುಗಿರುತ್ತದೆ. ಇದರಲ್ಲಿ ಅಂಥ ಗುರುತೇ ಇರಲಿಲ್ಲ. ಎರಡನೆಯದು ನೋಡಿದರು, ಮೂರನೆಯದು ನೋಡಿದರು. ರಿಜಿಸ್ಟರ್ ತರಿಸಿಕೊಂಡು ಸಹಿಗಳ ಮೇಲೆ ಕಣ್ಣಾಡಿಸಿದರು. ಆಮೇಲೆ ಒಮ್ಮೆ ನನ್ನ ಮುಖ ನೋಡಿದರು. ಅಷ್ಟೆ, ಒಂದೇ ಸಲ. ಒಂದು ಸಿಡಿಯನ್ನು ಪಕ್ಕದ ಕೋಣೆಯ ಕಂಪ್ಯೂಟರಿಗೆ ಹಾಕಿ ಹೊರತೆಗೆದು ಮ್ಯಾನೇಜರರ ಕಡೆ ತಿರುಗಿದರು.

"ಇವು ರೀಡ್ ಆಗವಲ್ವುರಿ."

"ಎಲ್ಲಾನೂ?"

"ಈ ಪಾಕೀಟಿನವು ಎಲ್ಲಾನೂ."

ಮ್ಯಾನೇಜರರು ಡಬ್ಬಿಯನ್ನು ತಮ್ಮ ಕಡೆ ಎಳೆದುಕೊಂಡರು. "ಈ ಸಿಡಿ ಕೊಟ್ಟವರು ನೀವ ಅಲ್ಲೇನ್ರಿ?"

"ಹೌದ್ರಿ. ನಾನ ಕೊಟ್ಟದ್ದು."

ನಾನು ಅಲ್ಲೇ ನಿಂತಿದ್ದೆ. ಆಗಲೂ ಬಾಯಿ ತೆರೆಯಲಿಲ್ಲ.

ಹೊಸ ಸಿಡಿ ಮಾಡುವ ತನಕ ಅವರನ್ನು ಬಿಟ್ಟು ಅಲ್ಲಾಡಬೇಡ ಎಂದು ಮ್ಯಾನೇಜರರು ನನ್ನನ್ನೇ ಮಾಸ್ತರರ ಜೊತೆ ಕಳಿಸಿದರು. ಹೊರಡುವ ಮೊದಲು ಮಾಸ್ತರ ಕಂಪ್ಯೂಟರಿನ ಮುಚ್ಚಳ ಬಿಚ್ಚಿ, ಭೂತಗನ್ನಡಿ ಹಿಡಿದು ಚಿಪ್ಪಿನ ಮೇಲಿನ ಅಂಕಿಗಳನ್ನು ಅಂಗೈ ಮೇಲೆ ಬರೆದುಕೊಂಡರು. ಬಸ್ ಸ್ಟ್ಯಾಂಡಿನ ಹತ್ತಿರದ ಇಂಟರ್ನೆಟ್ ಅಂಗಡಿಯಲ್ಲಿ ಕುಳಿತು ಡ್ರೈವರ್ ಇಳಿಸಿಕೊಂಡೆವು. ಒಂದೇ ಚಿಪ್ಪಿನ ಹೆಸರಿನಲ್ಲಿ ಮೂರು ಬಗೆಯವು ಸಿಕ್ಕವು, ಯಾವುದು ಸರಿ ಎಂದು ಅವರಿಗೂ ಖಾತ್ರಿ ಇರಲಿಲ್ಲ. ಮೂರನ್ನೂ ತೆಗೆದುಕೊಂಡರು. ಬ್ಯಾಡಗಿಯ ಬಸ್ಸಿನಲ್ಲಿ ನಾನು ಮುಂದೆ ಹೆಂಗಸರ ಸೀಟಿನಲ್ಲಿ, ಅವರು ಹಿಂದೆ. ದಾರಿಯುದ್ದಕ್ಕೂ ಬೆನ್ನ ಮೇಲೆ ಅವರ ಕಣ್ಣಿದೆ ಎನಿಸುತ್ತಿತ್ತು. ಇಳಿಯುವಾಗ ನೋಡಿದರೆ ಅವರು ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದರು.

ಅಂಗಡಿಯಲ್ಲಿ ಕರೆಂಟಿರಲಿಲ್ಲ. ಕೆಳಗೆ ಹಮಾಲರು ಚೀಲ ಹೊರುವ ಸದ್ದು. ಮೂಗು ಉರಿಸುವ ಘಾಟಿನಲ್ಲಿ ನಾವಿಬ್ಬರೂ ಕರೆಂಟಿಗೆ ಕಾಯುತ್ತ ಕುಳಿತೆವು. ತಡೆಯಲಾಗದೆ ನಾನೇ ಶುರು ಮಾಡಿದೆ.

"ಮಾಸ್ತರ್ರ, ಆ ಸಿಡಿ..."

"ಎಷ್ಟ ಶನಿವಾರ?"

"ಹದಿನಾರು ರೀ."

ಅವರು ತಲೆಯಾಡಿಸಿದರು. ಕಾರಣ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆ, ರೈಲು ತಪ್ಪುತ್ತಿತ್ತು ಎಂದೇ? ಸ್ವಲ್ಪ ಹೊತ್ತಿನ ಮೇಲೆ, ಕರೆಂಟು ಬಂದರೆ ನೀನು ಓದಿ ಹೇಳಬೇಕು, ನಾನು ಟೈಪ್ ಮಾಡುತ್ತೇನೆ ಎಂದರು, ಅಷ್ಟೆ.

ನಾಲ್ಕರ ಹೊತ್ತಿಗೆ ಕರೆಂಟು ಬಂತು. ಹಳೆಯ ಸಿಡಿಯಲ್ಲಿದ್ದುದನ್ನೆಲ್ಲ ಕಂಪ್ಯೂಟರಿಗೆ ಇಳಿಸಿ, ಡ್ರೈವರಿನ ಫೈಲನ್ನು ಅದರೊಳಗೆ ಸೇರಿಸಿದರು. ಬರೀ ಸೇರಿಸಿದರೆ ಸಾಲದು. ಸಿಡಿಯೊಳಗೆ ಒಂದು ಪಟ್ಟಿ ಇರುತ್ತದೆ, ಯಾವ ಚಿಪ್ಪು ಕಂಡರೆ ಯಾವ ಫೈಲು ಕರೆಯಬೇಕೆಂದು. ಆ ಪಟ್ಟಿಯಲ್ಲಿ ಚಿಪ್ಪಿನ ಗುರುತು, ಫೈಲಿನ ಹೆಸರು ಎರಡನ್ನೂ ಬರೆಯಬೇಕು, ಒಂದಕ್ಷರ ತಪ್ಪಿದರೂ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ನಾನು ಒಂದೊಂದೇ ಅಕ್ಷರ ಓದುತ್ತಿದ್ದೆ. ಪ್ರತಿ ಸಾಲನ್ನೂ ಎರಡು ಸಲ ಓದಿಸಿದರು. ಒಮ್ಮೆ ನಾನು ಸೊನ್ನೆಯನ್ನು ಓ ಎಂದು ಓದಿದೆ. ಅವರು ಟೈಪ್ ಮಾಡುವುದನ್ನು ನಿಲ್ಲಿಸಿ, ನಾನೇ ತಪ್ಪು ಕಂಡುಕೊಳ್ಳುವ ತನಕ ಕಾದರು. ಮೂರು ಬಗೆಯ ಡ್ರೈವರಿಗೆ ಮೂರು ಸಿಡಿ ಬರೆದಾಗ ಸಂಜೆಯಾಗಿತ್ತು.

ಗುರುವಾರ ಬೆಳಗ್ಗೆ ರಾಣೆಬೆನ್ನೂರಿನ ಆಫೀಸಿನ ಅಂಗಳ ತುಂಬಿತ್ತು. ಬೀಜ ಸಿಗುವುದಿಲ್ಲವಂತೆ ಎಂಬ ಸುದ್ದಿ ಹಬ್ಬಿತ್ತು. ವಯಸ್ಸಾದ ಹೆಂಗಸೊಬ್ಬಳು ಬಾಗಿಲಿಗೇ ಬಂದು, "ಮಡಿ ಒಣಗಾಕತ್ತೈತ್ರೀ ಅಕ್ಕಾರ, ಇವತ್ತರ ಕೊಡ್ತೀರೋ ಇಲ್ಲೋ?" ಎಂದಳು. ನನ್ನನ್ನು ಅಕ್ಕಾರ ಎಂದಳು, ನನ್ನ ಅವ್ವನ ವಯಸ್ಸಿನವಳು. ನಾನು ಮುಖ ತಿರುಗಿಸಿಕೊಂಡೆ.

ಮಾಸ್ತರ ಆ ಸೆಟ್ಟಿಂಗನ್ನು ಮೊದಲಿದ್ದಂತೆ ಮಾಡಿ ಒಂದನೆಯ ಸಿಡಿ ಹಾಕಿದರು. ಅರ್ಧಕ್ಕೆ ಬಂದು, ಯಾವುದೋ ಫೈಲು ಸಿಗುತ್ತಿಲ್ಲ ಎಂದು ನಿಂತಿತು. ಎರಡನೆಯದು ಕೊನೆಯ ತನಕ ಹೋಗಿ, ಡಿಸ್ಕೇ ಇಲ್ಲ ಎಂದಿತು. ಮ್ಯಾನೇಜರರು ಹೊರಗೆ ಹೋಗಿ ಹುಬ್ಬಳ್ಳಿಗೆ ಫೋನು ಹಚ್ಚಿದರು, ಅವರ ಏರುದನಿ ಒಳಗೆ ಕೇಳುತ್ತಿತ್ತು. ಮೂರನೆಯ ಸಿಡಿ ಹಾಕುವ ಮೊದಲು ಮಾಸ್ತರ ಕೈ ಒರೆಸಿಕೊಂಡರು. ನೀಲಿ ಪರದೆಯ ಕೆಳಗೆ ಒಂದೊಂದೇ ಹೆಸರು ಓಡತೊಡಗಿತು. ನಾವು ಬರೆದ ಹೆಸರು ಬಂತು, ದಾಟಿತು. ಕೊನೆಗೆ ಪಟ್ಟಿ ತೆರೆಯಿತು.

ಒಂದೇ ಡಿಸ್ಕು. ಅದರೊಳಗೆ ಫೈಲುಗಳನ್ನಿಡಲು ನಾವು ಮೊದಲೇ ಮಾಡಿಕೊಂಡಿದ್ದ ಎರಡು ಭಾಗಗಳು, ನಾನಿಟ್ಟ ಹೆಸರುಗಳ ಸಮೇತ.

ನಾನು ಅಳಲು ಶುರು ಮಾಡಿದೆ. ಅವರು ನನ್ನತ್ತ ನೋಡದೆ, ಯಾವುದನ್ನೂ ಅಳಿಸದೆ, ಎರಡನೆಯ ಭಾಗದ ಮೂಲೆಯಲ್ಲಿ ಹೊಸ ವಿಂಡೋಸ್ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ಬೀಜದ ಪಟ್ಟಿ ತೆರೆಯಿತು. ಹದಿನಾರು ವಾರದ ಅಂಕಿಗಳೂ ಅಲ್ಲೇ ಇದ್ದವು. ತಮ್ಮ ಚೀಲದಿಂದ ಹೊಸ ಪಾಕೀಟು ಒಡೆದು ಎಲ್ಲವನ್ನೂ ಸಿಡಿಗೆ ಇಳಿಸಿ, ಅದರ ಕೆಳಮೈಯನ್ನು ಬೆಳಕಿಗೆ ಹಿಡಿದು ನನಗೆ ತೋರಿಸಿದರು. ಬಣ್ಣ ತಿರುಗಿದ ಆ ಉಂಗುರವನ್ನು ನಾನು ಈಗಲೂ ಮರೆತಿಲ್ಲ.

ಚಹಾ ಬಂತು. ಮ್ಯಾನೇಜರರು ಕೃತಜ್ಞತೆ ಹೇಳಲಿಲ್ಲವೆಂದಲ್ಲ, ಹೇಳಿದರು. ಆದರೆ ಅಂಥ ಸಿಡಿ ಕೊಟ್ಟು ನಮ್ಮನ್ನು ಬಾವಿಗೆ ತಳ್ಳುವವರಿದ್ದಿರಿ, ಇನ್ನು ಮುಂದೆ ಹುಬ್ಬಳ್ಳಿಯವರನ್ನೇ ಕರೆಸುತ್ತೇವೆ ಎಂದೂ ಹೇಳಿದರು. ಮಾಸ್ತರ "ಆಗ್ಲಿರಿ" ಎಂದು ಚಹಾ ಮುಗಿಸಿ ಚೀಲ ಹೆಗಲಿಗೇರಿಸಿದರು. ನಾನು ಪ್ರಿಂಟರಿನ ಮುಂದೆ ಪಟ್ಟಿಯ ಹಾಳೆಗಳನ್ನು ಜೋಡಿಸುತ್ತಿದ್ದೆ. ಜೋಡಿಸಿದ್ದನ್ನೇ ಮತ್ತೆ ಜೋಡಿಸಿದೆ. ಶುಕ್ರವಾರ ಎಲ್ಲರಿಗೂ ಬೀಜ ಸಿಕ್ಕಿತು.

ನಾಲ್ಕೈದು ತಿಂಗಳು ಬಿಟ್ಟು ಒಮ್ಮೆ ಬ್ಯಾಡಗಿಗೆ, ಮಾಸ್ತರರ ಅಂಗಡಿಗೆ ಹೋದೆ. ಮ್ಯಾನೇಜರರಿಗೆ ನಿಜ ಹೇಳಿಬಿಡುತ್ತೇನೆ ಎಂದೆ. ಅವರು ಹೇಳು ಎನ್ನಲಿಲ್ಲ, ಬೇಡ ಎನ್ನಲಿಲ್ಲ. "ನನಗ ಒಂದ ಗಿರಾಕಿ ಹೋತು, ಅಷ್ಟ. ನೀ ಈಗ ಶನಿವಾರ ತಪ್ಪಸಾಕತ್ತಿಲ್ಲ ಹೌದಲ್ಲ?" ಎಂದರು. ಇಲ್ಲ ಎಂದೆ. ಅದು ಖರೆ ಇತ್ತು. ಮ್ಯಾನೇಜರರಿಗೆ ಮಾತ್ರ ಹೇಳಲಿಲ್ಲ. ಮೊದಲು ಕೆಲಸ ಹೋಗುವ ಭಯ, ಆಮೇಲೆ ಕೆಲಸವನ್ನೇ ಬಿಟ್ಟೆ, ಆಮೇಲೆ... ಆಮೇಲೆ ಹೇಳುವಂಥದ್ದೇನೂ ಉಳಿದಿಲ್ಲ ಅಂದುಕೊಂಡೆ.

ಹೋದ ವಾರ ಘಾಟು ಇಳಿದ ಮೇಲೆ ಆ ಗುಮಾಸ್ತರನ್ನು ಕೇಳಿದೆ, ಗೋದಾಮಿನ ಮಹಡಿಯ ಮೇಲೆ ಒಬ್ಬ ಮಾಸ್ತರ ಇದ್ದರಲ್ಲ ಎಂದು. ತೀರಿಹೋಗಿ ಮೂರು ವರ್ಷವಾಯಿತು ಎಂದರು. ಅಂಗಡಿ ಅದಕ್ಕೂ ಎಷ್ಟೋ ಮೊದಲೇ ಮುಚ್ಚಿತ್ತಂತೆ. ಕಡೆಗೆ ಮಾರುಕಟ್ಟೆಯ ಒಂದು ಅಂಗಡಿಯಲ್ಲಿ ತೂಕದ ಚೀಟಿ ಬರೆಯುವ ಕೆಲಸ ಮಾಡುತ್ತಿದ್ದರಂತೆ. ಅಷ್ಟು ಒಳ್ಳೆಯ ಕೈ, ಯಾಕೆ ಮುಚ್ಚಿದರು ಎಂದೆ. ಅವರಿಗೆ ಗೊತ್ತಿರಲಿಲ್ಲ.

ಅವತ್ತೇ ಮ್ಯಾನೇಜರರ ನಂಬರು ಹುಡುಕಿ ಫೋನು ಮಾಡಿದೆ. ನಿವೃತ್ತರಾಗಿ ರಾಣೆಬೆನ್ನೂರಿನಲ್ಲೇ ಇದ್ದಾರೆ. ಹದಿನಾರು ಶನಿವಾರದ ಮಾತನ್ನು ಮೊದಲಿನಿಂದ ಕೊನೆಯ ತನಕ, ನಡುವೆ ಉಸಿರು ತೆಗೆದುಕೊಳ್ಳದೆ ಹೇಳಿದೆ. ಬೈಯುತ್ತಾರೆಂದು ಕಾದೆ.

"ಹಂಗಾರ ಮಾಸ್ತರದ್ದು ತಪ್ಪ ಇರಲಿಲ್ಲ."

"ಇಲ್ರೀ ಸರ್."

"ನಾ ಊರಾಗಿನ ಎಲ್ಲಾ ಬೀಜದ ಕಂಪನಿಯವರಿಗೂ ಹೇಳಿದ್ದೆ ಬೇ. ಅವರನ್ನ ಕರೀಬ್ಯಾಡ್ರಿ ಅಂತ. ಒಬ್ಬರನ್ನೂ ಬಿಡಲಾರದಂಗ ಹೇಳಿದ್ದೆ."

ಒಂದೇ ಗಿರಾಕಿ ಹೋಯಿತು ಎಂದಿದ್ದರು ಮಾಸ್ತರ, ನನ್ನ ಮುಖ ನೋಡಿಕೊಂಡೇ. ಫೋನನ್ನು ಯಾರು ಮೊದಲು ಇಟ್ಟರೋ ನೆನಪಿಲ್ಲ. ಅಂಗಡಿಯ ಮುಂದೆ ಜನ ಕಾಯುತ್ತಿದ್ದರು, ಎದ್ದು ಹೋಗಿ ಒಬ್ಬೊಬ್ಬರದೇ ಅರ್ಜಿ ತೆಗೆದುಕೊಂಡೆ.