ಸಮುದ್ರದ ನೀರುಗಂಟಿ

ಹೆಂಡತಿಯ ಉಬ್ಬಸಕ್ಕೆ ಕಡಲ ಗಾಳಿಯೇ ಮದ್ದು ಎಂದಿದ್ದರು ಡಾಕ್ಟರು. ಕುಮಟೆಯೋ ಹೊನ್ನಾವರವೋ, ಯಾವ ಊರಲ್ಲಿ ನೆಲೆಸುವುದೆಂದು ತೀರ್ಮಾನಿಸಬೇಕಿತ್ತು. ಅವಳಿಗೋ ಚಳ್ಳಕೆರೆ ಬಿಟ್ಟು ಕದಲಲು ಭಯ. ಮೊಳಕಾಲ್ಮೂರಿನಲ್ಲಿ ಸೀರೆ ಕೊಳ್ಳುವಾಗ ನಮ್ಮ ವಾದ ಕೇಳಿಸಿಕೊಂಡ ನೇಕಾರರ ಅಜ್ಜಿ ಅಂದಳು:

“ಯಾವೂರ ಸಮುದ್ರ ಬ್ಯಾಸಿಗೇಲಿ ಬತ್ತಲ್ಲ ಸ್ವಾಮಿ?”

ಈ ಸೀಮೆಯಲ್ಲಿ ದೊಡ್ಡ ಕೆರೆಗೂ ಸಮುದ್ರವೆಂದೇ ಹೆಸರು. ನಾನು ತಿದ್ದಿದೆ: “ಎರಡೂರಿಗೂ ಒಂದೇ ಸಮುದ್ರ. ಅದು ಬತ್ತುವುದಿಲ್ಲ.”

“ಹಂಗಾರೆ ತೂಬು ಕಾಯೋ ನೀರುಗಂಟಿ ಯಾರು?”

“ತೂಬೂ ಇಲ್ಲ, ನೀರುಗಂಟಿಯೂ ಇಲ್ಲ.”

“ಅಯ್ಯೋ ದ್ಯಾವ್ರೇ, ಯಾರೂ ಕಾಯ್ದೇನೇ ಅಷ್ಟು ನೀರು ನಿಂತೈತಾ!” ಅಜ್ಜಿ ಲಾಳಿ ಕೆಳಗಿಟ್ಟು ಕೈಮುಗಿದಳು.

ಭೂಗೋಳವನ್ನು ಇಂಗ್ಲಿಷಿನಲ್ಲಿ ಓದಿದ ನನಗೂ ಮೈ ಜುಮ್ಮೆಂದಿತು.

“ಅದನ್ನ ನೋಡಲೇಬೇಕು, ಹೊರಡೋಣ,” ಎಂದಳು ಹೆಂಡತಿ.

“ಯಾವ ಊರಿಗೆ?”

“ಸಮುದ್ರಕ್ಕೆ.”

ಆ ವಿಳಾಸದಲ್ಲಿ ಬಾಡಿಗೆ ಮನೆ ಸಿಗುವುದಿಲ್ಲವೆಂದು ಅವಳನ್ನು ತಿದ್ದಲು ನಾನು ಹೋಗಲಿಲ್ಲ.